ನಾಲ್ಕು ನ್ಯೂಟ್ರಾನ್‌ಗಳ ತಿದ್ದುಪಡಿ

ಸಿಂಧೂರ ಮಾನೇಸರ್‌ಗೆ ಹೊರಟಾಗ ಚೀಲದಲ್ಲಿದ್ದದ್ದು ತಿದ್ದುಪಡಿಯ ಹನ್ನೊಂದು ಹಾಳೆ. ಇಮೇಲ್ ಮಾಡಿದ್ದರೂ ಆಗುತ್ತಿತ್ತು. ಆದರೆ ಗಗನ್ ಜೊತೆ ಸೇರಿ ಬರೆದ ಒಂದೇ ಒಂದು ಪ್ರಬಂಧ ತಪ್ಪು ಎನ್ನುವ ಮಾತನ್ನು ಮುಖ ನೋಡಿಯೇ ಹೇಳಬೇಕೆಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದಳು. ದೆಹಲಿಯ ಲಕ್ಷ್ಮೀ ನಗರದಿಂದ ಗುರುಗ್ರಾಮದ ಕೊನೆಯ ಸ್ಟೇಷನ್ನಿಗೆ ಮೆಟ್ರೋ, ಅಲ್ಲಿಂದ ಶೇರ್ ಆಟೋ.

ಏಳು ವರ್ಷದ ಹಿಂದೆ ಇಬ್ಬರೂ ದೆಹಲಿಯಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದರು. ಅವಳು ದಾವಣಗೆರೆಯವಳು, ಅವನು ಹಾಸನದವನು. ಕನ್ನಡ ಮಾತಾಡಲು ಒಬ್ಬರು ಸಿಕ್ಕಿದರೆಂದು ಶುರುವಾದ ಗೆಳೆತನ ನ್ಯೂಟ್ರಾನ್‌ಗಳ ಬೆನ್ನು ಹತ್ತಿತು. ಪ್ರೋಟಾನಿನ ಹಂಗಿಲ್ಲದೆ ಬರೀ ನ್ಯೂಟ್ರಾನ್‌ಗಳೇ ನಾಲ್ಕು ಸೇರಿದರೆ, ಸೆಕೆಂಡಿನ ಕೋಟಿ ಕೋಟಿ ಕೋಟಿಯಲ್ಲೊಂದು ಪಾಲಾದರೂ ಒಟ್ಟಿಗೆ ನಿಲ್ಲುತ್ತವೆಯೇ? ನಿಂತರೆ ಅದು ಅನುರಣನ ಸ್ಥಿತಿ. ಇಲ್ಲವಾದರೆ ಸುಮ್ಮನೆ ಚದುರಿಹೋಗುವ ಗುಂಪು. ಲೆಕ್ಕದಲ್ಲಿ ಅವುಗಳ ಸೆಳೆತವನ್ನು ಬೇಕೆಂದೇ ಹೆಚ್ಚಿಸಿ ನಾಲ್ಕನ್ನೂ ಕಟ್ಟಿಹಾಕುವುದು, ಆಮೇಲೆ ಆ ಸೆಳೆತವನ್ನು ಇಷ್ಟಿಷ್ಟೇ ಇಳಿಸುತ್ತ ಬಂದು, ನಿಜವಾದ ಬಲಕ್ಕೆ ಮುಟ್ಟಿದಾಗ ಏನು ಉಳಿಯುತ್ತದೆಂದು ನೋಡುವುದು ಅವರು ಹಿಡಿದ ದಾರಿ. ಕೊನೆಯ ಹಂತ ಅಂದಿನ ಕಂಪ್ಯೂಟರಿಗೆ ಭಾರವಾಯಿತು. ಇದ್ದ ಬಿಂದುಗಳನ್ನೇ ಸೇರಿಸಿ ರೇಖೆಯನ್ನು ಮುಂದಕ್ಕೆಳೆದರು. ಸ್ಥಿತಿ ಇದೆ ಎಂದಿತು ರೇಖೆ.

ಪ್ರಬಂಧ ಅಚ್ಚಾದ ವರ್ಷವೇ ಗಗನ್ ಭೌತಶಾಸ್ತ್ರ ಬಿಟ್ಟ. ಮಾನೇಸರ್‌ನ ಗೇರ್‌ಬಾಕ್ಸ್ ಕಾರ್ಖಾನೆಯೊಂದರಲ್ಲಿ ಕಂಪನ ಪರೀಕ್ಷಿಸುವ ಕೆಲಸ ಹಿಡಿದ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ಹಬ್ಬಕ್ಕೊಂದು. ಯಾರಾದರೂ ಆ ಪ್ರಬಂಧವನ್ನು ಉಲ್ಲೇಖಿಸಿದರೆ ಮಾತ್ರ ಸಿಂಧೂರಳಿಗೆ ಅವನಿಗೆ ಬರೆಯಲು ನೆಪ. ಆ ನೆಪಕ್ಕೆ ತಾನೆಷ್ಟು ಕಾಯುತ್ತೇನೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಈಗ ದೊಡ್ಡ ಕಂಪ್ಯೂಟರಿನಲ್ಲಿ ಉಳಿದ ಹಂತವನ್ನೂ ಮಾಡಿ ನೋಡಿದರೆ, ರೇಖೆ ನೆಟ್ಟಗೆ ಹೋಗದೆ ಬಾಗಿ ದೂರ ಸರಿದು, ಸ್ಥಿತಿ ಇಲ್ಲ ಎಂದಿತ್ತು. ಪ್ರೋಗ್ರಾಮಿನಲ್ಲೇ ಎಲ್ಲೋ ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ಮೂರು ತಿಂಗಳು ಹುಡುಕಿದ್ದಳು. ಇರಲಿಲ್ಲ.

ಕಾರ್ಖಾನೆಯ ಗೇಟಿನೆದುರಿನ ಢಾಬಾದಲ್ಲಿ ಗಗನ್ ನೀಲಿ ಸಮವಸ್ತ್ರದಲ್ಲೇ ಕಾದಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. ಊಟದ ಬಿಡುವು ಮುಕ್ಕಾಲು ಗಂಟೆ.

"ತೆಳ್ಳಗಾಗಿದೀಯ," ಅಂದ.

ಅವಳು ಹಾಳೆಗಳನ್ನು ಮುಂದಿಟ್ಟಳು. ಅವನು ಕೈ ಒರೆಸಿಕೊಂಡು ಓದತೊಡಗಿದ. ತಟ್ಟೆಯಲ್ಲಿದ್ದ ರೋಟಿ ಆರಿತು. "ಭಯ್ಯಾ, ಎರಡು ಚಾಯ್," ಎಂದು ತಲೆಯೆತ್ತದೆ ಕೂಗಿದ. ಹಾಳೆಯ ಅಂಚಿನಲ್ಲಿ ಉಗುರಿನಿಂದ ಗೀರು ಹಾಕುವ ಅದೇ ಹಳೆಯ ಚಾಳಿ. ಸಿಂಧೂರ ಆ ಬೆರಳನ್ನೇ ನೋಡುತ್ತ ಕೂತಳು.

"ಕೊನೇ ಬಿಂದುಗಳನ್ನ ಬೇರೆ ರೀತಿ ಚೆಕ್ ಮಾಡಿದ್ಯಾ?"

"ಎರಡು ವಿಧಾನದಲ್ಲಿ. ಉತ್ತರ ಒಂದೇ."

"ಪ್ರಯೋಗ ಮಾಡಿದವರ ಗ್ರಾಫಿನಲ್ಲಿ, ಸ್ಥಿತಿ ಇದೆ ಅನ್ನೋ ಹಾಗೆ, ಒಂದು ಉಬ್ಬು ಕಂಡಿತ್ತಲ್ಲ?"

"ಅದಕ್ಕೆ ಬೇರೆ ಕಾರಣ ಇರಬಹುದು ಅಂತಾರೆ. ಆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ರೇಖೆಯಂತೂ ತಪ್ಪು."

"ಅಚ್ಛಾ," ಎಂದ ಗಗನ್ ಮೆಲ್ಲಗೆ.

"ಎಳೆದವಳು ನಾನೇ. ಇನ್ನೂ ಆರು ಬಿಂದು ಬೇಕು ಅಂತ ನೀನು ಹೇಳಿದ್ದೆ. ನಾನು ಕೇಳ್ಲಿಲ್ಲ."

"ಹೇಳಿದ್ದೆ. ಒಂದೇ ಸಲ."

ಆ ಮಾತಿಗೆ ಸಿಂಧೂರ ತಲೆಯೆತ್ತಿದಳು. "ನಿಂಗೆ ಆಗಲೇ ಅನುಮಾನ ಇತ್ತಾ?"

"ಇತ್ತು."

"ಮತ್ತೆ ಯಾಕೆ ಸುಮ್ಮನಾದೆ?"

ಗಗನ್ ಲೋಟದ ಅಂಚು ಒರೆಸಿದ. "ಅವತ್ತು ನೀನು ಎಷ್ಟು ಖುಷಿಯಾಗಿದ್ದೆ ಅಂದ್ರೆ... ಅದನ್ನ ಕೆಡಿಸೋಕೆ ನನ್ನ ಕೈಲಾಗ್ಲಿಲ್ಲ."

ಸಿಂಧೂರಳಿಗೆ ಕೋಪ ನೆತ್ತಿಗೇರಿತು. "ಏಳು ವರ್ಷ, ಗಗನ್! ಜನ ಅದನ್ನ ನಂಬಿ ಬರೆದಿದಾರೆ. ನಾನು ನಂಬಿದೀನಿ. ನನ್ನ ಖುಷಿ ಕಾಯೋಕೆ ನಿನ್ನನ್ನ ಯಾರು ಕೇಳಿದ್ರು?"

ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಯಾರೂ ಕೇಳ್ಲಿಲ್ಲ," ಎಂದ ಅವನು. "ತಪ್ಪು ನಂದು. ಆಮೇಲೆ ಪ್ರತಿದಿನ ನಿನ್ನೆದುರು ಕೂತ್ಕೊಳ್ಳೋದು ಕಷ್ಟ ಆಯ್ತು. ಇಲ್ಲಿಗೆ ಬರೋಕೆ ಅದೂ ಒಂದು ಕಾರಣ."

ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿತು. ಅವನು ಎದ್ದ. "ತಿದ್ದುಪಡಿಗೆ ನನ್ನ ಹೆಸರೂ ಹಾಕು. ಹಾಳೆ ನಾನು ಇಟ್ಕೊಳ್ತೀನಿ, ಸರಿಯಾಗಿ ಓದ್ಬೇಕು." ರಸ್ತೆ ದಾಟಿದವನು ಗೇಟಿನ ಬಳಿ ಒಮ್ಮೆ ತಿರುಗಿ ಕೈಯೆತ್ತಿದ.

ವಾಪಸು ಬರುವಾಗ ಮೆಟ್ರೋದಲ್ಲಿ ಕೂರಲು ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತ ಸಿಂಧೂರಳ ಕೋಪ ಸಿಕಂದರ್‌ಪುರ ದಾಟುವಷ್ಟರಲ್ಲಿ ಇಳಿದು, ಅದರ ಜಾಗದಲ್ಲಿ ಬೇರೇನೋ ಬಂದು ಕೂತಿತು. ಅವತ್ತು ಅವನು ಹಟ ಹಿಡಿದಿದ್ದರೆ ಆ ಆರು ಬಿಂದುಗಳಿಗೆ ಇನ್ನೊಂದು ವರ್ಷ ಬೇಕಾಗುತ್ತಿತ್ತು. ಒಂದೇ ಮೇಜಿನಲ್ಲಿ, ಎದುರುಬದುರು, ಒಂದಿಡೀ ವರ್ಷ. ಉತ್ತರ ಇಲ್ಲವೆಂದೇ ಬಂದಿದ್ದರೂ ಆ ವರ್ಷ ಅವಳದಾಗಿರುತ್ತಿತ್ತು.

ನಾಲ್ಕು ದಿನ ಬಿಟ್ಟು ಗಗನ್ ತನ್ನ ಟಿಪ್ಪಣಿಗಳ ಫೋಟೋ ಕಳಿಸಿದ. ಹದಿನಾಲ್ಕು ಪ್ರಶ್ನೆ, ಎಲ್ಲವೂ ಲೆಕ್ಕದವು. ಬೇರೆ ಒಂದು ಮಾತಾದರೂ ಇದೆಯೇ ಎಂದು ಎರಡು ಸಲ ಓದಿದಳು. ಇರಲಿಲ್ಲ. ಹದಿನಾಲ್ಕಕ್ಕೂ ಉತ್ತರ ಬರೆದು, ಕೆಳಗೆ ಕೇಳಿದಳು: "ಭಾನುವಾರ ಬರ್ತೀಯಾ? ಒಟ್ಟಿಗೆ ಕೂತು ಮುಗಿಸೋಣ."

ಸಂಜೆ ಜವಾಬು ಬಂತು: "ಈ ಭಾನುವಾರ ಡ್ಯೂಟಿ. ಮುಂದಿನ ವಾರ ಬರ್ತೀನಿ."

ತಿದ್ದುಪಡಿಯಲ್ಲಿ ಮಾಡಲು ಇನ್ನೇನೂ ಉಳಿದಿರಲಿಲ್ಲ. ಪತ್ರಿಕೆಗೆ ಮರುದಿನವೇ ಕಳಿಸಬಹುದಿತ್ತು. ಸಿಂಧೂರ ಕಳಿಸಲಿಲ್ಲ.