ವೈಪಿ ಎಂಜಿನ್ನಿನ ಬಲಮಗ್ಗುಲು

ಹಿಂದೂಪುರದ ಚಂದ್ರಕಲಾಗೆ ಹಲ್ಲು ಮಾಡುವ ಕೆಲಸ. ಅವಳು ಡಾಕ್ಟರಲ್ಲ. ಸುತ್ತಲಿನ ಊರುಗಳ ಡೆಂಟಲ್ ಕ್ಲಿನಿಕ್ಕುಗಳಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಾಯಿಯ ಅಚ್ಚುಗಳು ಬರುತ್ತವೆ. ಅವನ್ನು ನೋಡಿ ಕ್ಯಾಪು, ಬ್ರಿಡ್ಜು, ಪೂರ್ತಿ ಸೆಟ್ಟು ಮಾಡಿ ಕಳಿಸುವ ಸಣ್ಣ ಲ್ಯಾಬು ಅವಳದು. ಗೋರಂಟ್ಲದಿಂದ ಕಲ್ಯಾಣದುರ್ಗದವರೆಗೆ ಎಷ್ಟು ಜನರ ಬಾಯೊಳಗೆ ತನ್ನ ಕೈಕೆಲಸ ಇದೆಯೋ ಅವಳಿಗೇ ಗೊತ್ತಿಲ್ಲ.

ಭಾನುವಾರ ಮಾತ್ರ ಅದೇ ಮೇಜಿನ ಮೇಲೆ, ಅದೇ ಸಲಕರಣೆ ಇಟ್ಟುಕೊಂಡು ಅವಳು ರೈಲ್ವೆ ಎಂಜಿನ್ ಕಟ್ಟುತ್ತಾಳೆ. ಹಲ್ಲಿಗೆ ಮೇಣದಲ್ಲಿ ಅಚ್ಚು ತೆಗೆದು ಲೋಹ ಎರೆಯುವ ಹಾಗೆಯೇ ಎಂಜಿನ್ನಿನ ಚಿಮಣಿಯನ್ನೂ ಎರೆಯಬಹುದು ಎಂದು ಹನ್ನೊಂದು ವರ್ಷದ ಹಿಂದೆ ಹೊಳೆದದ್ದೇ ಶುರು. ಗಂಡ ಅಮರೇಶ್‌ಗೆ ಬಟ್ಟೆ ಅಂಗಡಿ. ಅವನು ಮೊದಲು ನಕ್ಕ, ಆಮೇಲೆ ಎಲ್ಲಿಂದಲೋ ಹಿತ್ತಾಳೆ ತಗಡು ತಂದುಕೊಡತೊಡಗಿದ.

ಈಗ ಕಟ್ಟುತ್ತಿದ್ದದ್ದು ಐದನೆಯದು. ವೈಪಿ, ಅಂದರೆ ಮೀಟರ್ ಗೇಜ್ ಕಾಲದಲ್ಲಿ ಈ ಕಡೆ ಪ್ಯಾಸೆಂಜರ್ ಗಾಡಿ ಎಳೆಯುತ್ತಿದ್ದ ಉಗಿ ಎಂಜಿನ್. ನಿಜವಾದದ್ದರ ಎಂಬತ್ತೇಳರಲ್ಲಿ ಒಂದು ಪಾಲು. ಹಿಂದೆ ಕಲ್ಲಿದ್ದಲು ನೀರು ತುಂಬುವ ಟೆಂಡರ್ ಸೇರಿದರೂ ಉದ್ದ ಒಂದು ಗೇಣು. ತಗಡಿನ ಹಿಂದಿನಿಂದ ಸೂಜಿಯಲ್ಲಿ ಒತ್ತಿ ಒಂದೊಂದೇ ರಿವೆಟ್ಟು ಎಬ್ಬಿಸಬೇಕು. ಟೆಂಡರಿಗೇ ಆರುನೂರು ಚಿಲ್ಲರೆ. ಒಂದು ಅಡ್ಡಾದಿಡ್ಡಿ ಬಿದ್ದರೆ ಆ ತಗಡು ಬಿಸಾಕಿ ಹೊಸದು.

ಅವಳ ಮುಂದೆ ಇದ್ದದ್ದು ಒಂದೇ ಒಂದು ಫೋಟೋ. ಎಂಬತ್ತೊಂದರಲ್ಲಿ ಅವಳ ಅಪ್ಪ ಶಿವಯೋಗಪ್ಪ ಹೊಸದಾಗಿ ಕೊಂಡ ಕ್ಯಾಮರಾದಲ್ಲಿ ತೆಗೆದದ್ದು. ಆರು ವರ್ಷದ ಚಂದ್ರಕಲಾ ಪ್ಲಾಟ್‌ಫಾರಂ ಮೇಲೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ, ಹಿಂದೆ ಎಂಜಿನ್ನಿನ ಎಡಮಗ್ಗುಲು. ನಂಬರಿನ ಕೊನೆಯ ಮೂರು ಅಂಕಿ, ನಾನೂರ ಹದಿನೇಳು, ಕಾಣುತ್ತದೆ. ಬಲಮಗ್ಗುಲು ಹೇಗಿತ್ತೋ ಯಾರಿಗೂ ಗೊತ್ತಿಲ್ಲ. ಅದನ್ನು ಅವಳು ಕಾರ್ಖಾನೆಯ ನಕ್ಷೆ ನೋಡಿ ಮಾಡಿ ಮುಗಿಸಿದ್ದಳು.

ಹೀಗಿರುವಾಗ ಕಲ್ಯಾಣದುರ್ಗದ ಡಾಕ್ಟರ್ ಭಾರ್ಗವಿ ಫೋನ್ ಮಾಡಿದಳು. ಒಬ್ಬ ಪೇಷೆಂಟಿನ ಹಲ್ಲಿನ ಸೆಟ್ಟು ಎರಡು ಸಲ ವಾಪಸು ಬಂದಿತ್ತು.

"ಮೇಡಂ, ಊಟ ಮಾಡೋಕೆ ತೊಂದ್ರೆ ಇಲ್ವಂತೆ. ಸಿಳ್ಳೆ ಹೊಡೆಯೋಕೆ ಬರ್ತಿಲ್ಲ ಅಂತಾರೆ. ನಂಗೆ ಏನು ಮಾಡ್ಬೇಕೋ ತಿಳೀತಿಲ್ಲ."

"ಎಪ್ಪತ್ತೊಂದು ವರ್ಷ ಅಂತ ಚೀಟೀಲಿ ಇದೆ. ಸಿಳ್ಳೆ ಯಾಕಂತೆ?"

"ರೈಲ್ವೇಲಿ ಫೈರ್‌ಮನ್ ಆಗಿದ್ರಂತೆ, ಎಂಜಿನ್ನಿಗೆ ಕಲ್ಲಿದ್ದಲು ಹಾಕೋ ಕೆಲಸ. ಹಳೇ ಅಭ್ಯಾಸ ಅಂತಾರೆ."

ಚಂದ್ರಕಲಾ ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟಳು. ಯಾವ ಲೈನಲ್ಲಿ ಕೆಲಸ ಮಾಡಿದ್ದರು ಕೇಳಿ ಎಂದಳು. ಮಾರನೇ ದಿನ ಉತ್ತರ ಬಂತು: ಹಿಂದೂಪುರದ ಲೈನೇ, ಅದೂ ಮೀಟರ್ ಗೇಜಿನಲ್ಲಿ.

ಆ ಗುರುವಾರ ಅವಳು ಲ್ಯಾಬು ಮುಚ್ಚಿ ಹೊರಟಳು. ಹಲ್ಲಿನ ಸೆಟ್ಟು ಕೈಚೀಲದಲ್ಲಿ, ಎಂಜಿನ್ನು ಹತ್ತಿ ಹಾಸಿದ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ತೊಡೆಯ ಮೇಲೆ. ಪಾವಗಡದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ಸೇರುವಾಗ ಹನ್ನೊಂದೂವರೆ.

ಆ ಫೈರ್‌ಮನ್ ಆದಿನಾರಾಯಣನ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಉದ್ದನೆಯ, ತೆಳ್ಳಗಿನ ಮನುಷ್ಯ. ಹೆಂಡತಿ ಕೊಂಡಮ್ಮ ಬಾಗಿಲಲ್ಲೇ ಕೂತು ಹುರುಳಿಕಾಯಿ ಮುರಿಯುತ್ತಿದ್ದಳು. ಚಂದ್ರಕಲಾ ಮೊದಲು ತನ್ನ ಕೆಲಸ ನೋಡಿದಳು. ಮೇಲಿನ ಮುಂದಲ ಹಲ್ಲಿನ ಹಿಂಬದಿಯನ್ನು ಎರಡು ಸಲ ಉಜ್ಜಿ ತೆಳ್ಳಗೆ ಮಾಡಿ ಕೊಟ್ಟಳು. ಆದಿನಾರಾಯಣ ಅದನ್ನು ಹಾಕಿಕೊಂಡು ತುಟಿ ಒದ್ದೆ ಮಾಡಿ ಊದಿದ. ಉದ್ದ ಒಂದು, ಗಿಡ್ಡ ಒಂದು, ಸಿಳ್ಳೆ ಸರಿಯಾಗಿ ಬಂತು.

"ಇನ್ನು ಇಡೀ ಬೀದಿಗೆ ನಿದ್ದೆ ಇರಲ್ಲ," ಅಂದಳು ಕೊಂಡಮ್ಮ, ಹುರುಳಿಕಾಯಿಯಿಂದ ತಲೆ ಎತ್ತದೆ.

ಆಮೇಲೆ ಚಂದ್ರಕಲಾ ಅಪ್ಪ ತೆಗೆದ ಫೋಟೋ ತೋರಿಸಿ ಡಬ್ಬಿ ತೆರೆದಳು. ಹಲ್ಲಿನ ಕೆಲಸಕ್ಕೆ ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿಯನ್ನು ಅವನಿಗೇ ಕಟ್ಟಿದಳು. ಅವನು ಎಂಜಿನ್ನನ್ನು ಮುಟ್ಟದೆ, ಮಂಡಿಯೂರಿ ಸುತ್ತ ನೋಡತೊಡಗಿದ. ಪಿಸ್ಟನ್ನಿನ ರಾಡುಗಳು, ಮೆಟ್ಟಿಲು, ಬಾಯ್ಲರಿನ ಪಕ್ಕದ ಕೈಹಿಡಿಯುವ ಕಂಬಿ ಎಲ್ಲವನ್ನೂ ನೋಡಿದ.

"ಇದು ಡ್ರೈವರ್ ಕಡೆ," ಅಂದ. "ಅಂಗೇ ಐತೆ ಕಣಮ್ಮ. ಈ ಪೈಪು ಇಷ್ಟೇ ಸೊಟ್ಟ ಇತ್ತು. ಅದನ್ನೂ ಬಿಟ್ಟಿಲ್ಲ ನೀನು."

ಚಂದ್ರಕಲಾ ಎಂಜಿನ್ನನ್ನು ತಿರುಗಿಸಿ ಇಟ್ಟಳು. ಅವನು ನಂಬರು ಓದಿದ. ಟೆಂಡರಿನ ಕಡೆ ಬಂದು ನಿಂತುಬಿಟ್ಟ.

"ಏನಾದ್ರೂ ತಪ್ಪಾಗಿದ್ಯಾ ಅಣ್ಣಾ?"

"ಫೋಟೋ ಯಾವಾಗಿಂದು?"

"ಎಂಬತ್ತೊಂದು."

"ಅಂಗಾದ್ರೆ ಇಲ್ಲೊಂದು ಗುಳಿ ಇರಬೇಕಾಗಿತ್ತು." ಟೆಂಡರಿನ ಹಿಂದಿನ ಬಲಮೂಲೆಯನ್ನು ಉಗುರಿನಿಂದ ತೋರಿಸಿದ. "ಎರಡಡಿ ಅಗಲ. ಎಂಬತ್ತರಲ್ಲಿ ಬಿದ್ದದ್ದು. ಎಂಜಿನ್ನು ಗುಜರಿಗೆ ಹೋಗೋವರ್ಗೂ ಯಾರೂ ತಟ್ಟಿ ನೆಟ್ಟಗೆ ಮಾಡ್ಲಿಲ್ಲ."

"ಹೇಗೆ ಬಿತ್ತು?"

ಅವನು ಭೂತಗನ್ನಡಿ ಬಿಚ್ಚಿ ನೆಲದ ಮೇಲೆ ಕೂತ. ಹೇಳಲೋ ಬೇಡವೋ ಎಂದು ಒಂದು ಸಲ ಹೆಂಡತಿಯ ಕಡೆ ನೋಡಿ, ಹೇಳಿದ.

ಆಗ ಅವನಿಗೆ ಇಪ್ಪತ್ತಾರು. ಟೆಂಪರರಿ ಫೈರ್‌ಮನ್. ಡ್ರೈವರು ಹಿಂದೂಪುರದ ವೆಂಕಟರಾಮಪ್ಪ. ಒಂದು ಸಣ್ಣ ಸ್ಟೇಷನ್ನಿನಲ್ಲಿ ನೀರು ತುಂಬಲು ನಿಂತಿದ್ದರು. ಹಳಿಯ ಪಕ್ಕದಲ್ಲಿ ನೀರಿನ ಕಂಬ, ಅದರ ಅಡ್ಡ ತೋಳು ಟೆಂಡರಿನ ಮೇಲೆ ಚಾಚಿಕೊಂಡಿತ್ತು. ಕಲಾಸಿ, ಅಂದರೆ ರೈಲ್ವೆಯ ಕೂಲಿಯಾಳೊಬ್ಬ, ಮೇಲೆ ಹತ್ತಿ ನೀರು ಬಿಡುತ್ತಿದ್ದ. ವೆಂಕಟರಾಮಪ್ಪ ಕೆಳಗಿಳಿದು ಎಡಗಡೆ ಚಕ್ರದ ಅಚ್ಚು ಬಿಸಿಯಾಗಿದೆಯೇ ಎಂದು ಕೈಯಿಟ್ಟು ನೋಡುತ್ತಿದ್ದರು. ತಾನಿಲ್ಲದಾಗ ಗಾಡಿ ಹೊರಡಿಸುವ ಹ್ಯಾಂಡಲ್ ಮುಟ್ಟಬೇಡ ಎಂದು ಅವರು ಸಾವಿರ ಸಲ ಹೇಳಿದ್ದರು. ಮೇಲಿನಿಂದ ಕಲಾಸಿ "ಆಯ್ತು" ಎಂದು ಕೂಗಿದ. ನೀರು ತುಂಬಿತು ಅಂತ ಅವನ ಲೆಕ್ಕ. ಕಂಬದ ತೋಳು ಪಕ್ಕಕ್ಕೆ ಸರಿಸಿದ್ದಾನೆ ಅಂತ ಆದಿನಾರಾಯಣನ ಲೆಕ್ಕ.

"ಡ್ರೈವರು ಹತ್ತೋ ಅಷ್ಟರಲ್ಲಿ ನಾನೇ ಹಿಂದಕ್ಕೆ ತಕ್ಕೊಂಡು ತೋರಿಸ್ಬೇಕು ಅಂತ ಆಸೆ. ಎಳೆದ್ಬುಟ್ಟೆ. ತೋಳು ಸಿಕ್ಕಾಕ್ಕೊಂಡು ಕಂಬ ಬುಡದಿಂದ ಕಿತ್ತು ಟೆಂಡರ್ ಮೂಲೆಗೆ ಬಿತ್ತು. ಕಲಾಸಿ ಹಾರ್ಕೊಂಡ. ವೆಂಕಟರಾಮಪ್ಪನೋರು ಕೈ ಎಳಕೊಂಡ್ರು. ಒಂದ್ ನಿಮಿಷ ತಡವಾಗಿದ್ರೆ ಚಕ್ರದ ಕೆಳಗೆ ಹೋಗ್ತಿತ್ತು."

ವಿಚಾರಣೆ ನಡೆಯಿತು. ಹ್ಯಾಂಡಲ್ ಎಳೆದದ್ದು ಯಾರು ಎಂದು ಸಾಹೇಬರು ಮೊದಲು ಆದಿನಾರಾಯಣನನ್ನೇ ಕೇಳಿದರು. ಅವನು, ಡ್ರೈವರು, ಅಂದ. ಬಾಯಿಂದ ಹೊರಟೇಹೋಯಿತು. ಆಮೇಲೆ ವೆಂಕಟರಾಮಪ್ಪನವರನ್ನು ಕೇಳಿದರು. ಅವರು ಇವನ ಮುಖ ನೋಡಿ, "ಹೌದು, ನಾನೇ," ಅಂದು ಸಹಿ ಹಾಕಿದರು. ಎರಡು ವರ್ಷ ಪ್ಯಾಸೆಂಜರ್ ಗಾಡಿ ತಪ್ಪಿಸಿ ಅವರನ್ನು ಯಾರ್ಡಿನಲ್ಲಿ ಬೋಗಿ ಜೋಡಿಸುವ ಶಂಟಿಂಗಿಗೆ ಹಾಕಿದರು. ಇವನು ಮುಂದಿನ ವರ್ಷ ಪರ್ಮನೆಂಟ್ ಆದ.

"ಒಂದ್ ದಿನ ಬೈಲಿಲ್ಲ. ಎದುರಿಗೆ ಸಿಕ್ಕಿದ್ರೆ ಕೆಲಸದ ಮಾತು ಆಡ್ತಿದ್ರು. ಬೈದಿದ್ರೆ ಸರಿಹೋಗ್ತಿತ್ತು. ಎರಡ್ಸಾವಿರದ ಹನ್ನೆರಡರಲ್ಲಿ ತೀರ್ಕೊಂಡ್ರು. ನಾನು ಮಣ್ಣಿಗೂ ಹೋಗ್ಲಿಲ್ಲ."

ಕೊಂಡಮ್ಮ ಮೊರ ಪಕ್ಕಕ್ಕಿಟ್ಟಳು. "ಎಂಬತ್ತು ಅಂದ್ರೆ ನನ್ನ ಕಟ್ಕೊಂಡ ವರ್ಷ. ನಲವತ್ತೈದು ವರ್ಷದಲ್ಲಿ ನಂಗೂ ಹೇಳಿಲ್ಲ ನೀನು."

"ಹೇಳಿದ್ರೆ ನೀನು ಸುಮ್ನಿರ್ತಿರ್ಲಿಲ್ಲ."

"ಈಗ್ಲೂ ಸುಮ್ನಿರಲ್ಲ."

ಆದಿನಾರಾಯಣ ಚಂದ್ರಕಲಾ ಕಡೆ ತಿರುಗಿದ. "ಅಮ್ಮಾ, ಅವರ ಮಗಳು ರೇವತಿ ನಿಮ್ಮೂರಲ್ಲೇ ಇದಾಳೆ. ಹೈಸ್ಕೂಲಲ್ಲಿ ಲೆಕ್ಕದ ಟೀಚರ್. ಈ ಗುಳಿ ಮಾಡಿ ತೋರ್ಸಿ, ನೀನೇ ಹೇಳ್ಬುಡ್ತೀಯಾ?"

ಹತ್ತು ತಿಂಗಳ ಕೆಲಸದ ಮೇಲೆ ಗುಳಿ ಹಾಕುವುದೇ ಚಂದ್ರಕಲಾಗೆ ಸಂಕಟ. ಅದರ ಮೇಲೆ ಇದೊಂದು. "ಗುಳಿ ನಾನು ಮಾಡ್ತೀನಿ ಅಣ್ಣಾ. ಮಾತು ನೀವೇ ಬಂದು ಆಡಬೇಕು," ಅಂದಳು.

ಗುಳಿ ಮಾಡುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಎರಡಡಿ ಅಂದರೆ ಅವಳ ಅಳತೆಯಲ್ಲಿ ಏಳು ಮಿಲಿಮೀಟರ್. ಮೊದಲು ರದ್ದಿ ತಗಡಿನ ಮೇಲೆ ಹತ್ತಾರು ಸಲ ಒತ್ತಿ ನೋಡಿದಳು. ಉಗುರಿನಿಂದ ಒತ್ತಿದರೆ ಆಟದ ಸಾಮಾನಿನ ಗುಳಿಯಂತೆ ಕಂಡಿತು. ಕಬ್ಬಿಣದ ಕಂಬ ಬಿದ್ದ ಗುಳಿಯ ಒಂದು ಅಂಚು ಚೂಪಾಗಿ, ಇನ್ನೊಂದು ಅಂಚು ಇಳಿಜಾರಾಗಿರಬೇಕು. ಕೊನೆಗೆ ಧೈರ್ಯ ಮಾಡಿ ಟೆಂಡರಿನ ಮೇಲೇ ಕೈಯಿಟ್ಟಾಗ ಮೂಲೆಯ ಬೆಸುಗೆ ಬಿಟ್ಟುಕೊಂಡು ತಗಡು ಅಗಲವಾಗಿ ಎದ್ದುಬಂತು. ಬಣ್ಣವೂ ಸಿಪ್ಪೆಯಂತೆ ಸುಲಿಯಿತು. ಅವಳು ಟೆಂಡರನ್ನು ಪೂರ್ತಿ ಬಿಚ್ಚಿ, ಆ ಪಕ್ಕದ ತಗಡನ್ನು ಹೊಸದಾಗಿ ಕತ್ತರಿಸಿ, ನೂರಾ ಎಂಬತ್ತು ರಿವೆಟ್ಟು ಮತ್ತೆ ಎಬ್ಬಿಸಿದಳು. ಈ ಸಲ ಬೆಸೆಯುವ ಮೊದಲೇ ಗುಳಿ ಒತ್ತಿದಳು. ಒಳಗಡೆಗೆ ಹಲ್ಲಿನ ಅಚ್ಚಿನ ಗಟ್ಟಿ ಪ್ಲಾಸ್ಟರ್ ತುಂಬಿ, ಗುಳಿ ಬರಬೇಕಾದ ಜಾಗದಲ್ಲಿ ಮಾತ್ರ ಅದನ್ನು ಕೊರೆದು, ದುಂಡು ಮೂತಿಯ ಉಳಿಯಿಂದ ನಿಧಾನವಾಗಿ.

ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ಆದಿನಾರಾಯಣನಿಂದ ಧ್ವನಿ ಸಂದೇಶ ಬಂತು: "ಇನ್ನೊಂದ್ ಚೂರು ಕೆಳಗಿರಬೇಕಿತ್ತು. ಮೂರು ರಿವೆಟ್ಟು ಹಾರಿಹೋಗಿದ್ವು." ಅವಳು ಬೈದುಕೊಂಡು ಇನ್ನೊಂದು ತಗಡು ಕತ್ತರಿಸಿದಳು. ಆ ಗುಳಿಗೆ ಐದು ಭಾನುವಾರ ಹೋದವು.

ಆರನೇ ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹಿಂದೂಪುರದಲ್ಲಿ ಬಸ್ಸಿಳಿದರು. ಕೊಂಡಮ್ಮ ರೇಷ್ಮೆ ಸೀರೆ ಉಟ್ಟಿದ್ದಳು.

ರೇವತಿ ಚಂದ್ರಕಲಾಳ ವಯಸ್ಸಿನವಳೇ. ನಿಮ್ಮ ಅಪ್ಪನ ಎಂಜಿನ್ನಿನ ಮಾದರಿ ತರುತ್ತೇನೆ, ಅವರ ಜೊತೆ ಕೆಲಸ ಮಾಡಿದವರೊಬ್ಬರು ಬರುತ್ತಾರೆ ಎಂದು ಮಾತ್ರ ಚಂದ್ರಕಲಾ ತಿಳಿಸಿದ್ದಳು. ರೇವತಿಯ ಮನೆಯ ಮೇಜಿನ ಮೇಲೆ ಎಂಜಿನ್ನು ಇಟ್ಟಾಗ ಮನೆಯವರೆಲ್ಲ ಸುತ್ತ ಸೇರಿ ನೋಡಿದರು. ರೇವತಿ ಗುಳಿಯನ್ನು ಗುರುತಿಸಿ ನಕ್ಕಳು.

"ನೀರಿನ ಕಂಬದ್ದು ತಾನೆ? ಅಪ್ಪ ತೂಕಡಿಸಿ ಗುದ್ದಿದ್ದು. ನಮ್ಮನೇಲಿ ಹಾಲು ಉಕ್ಕಿದ್ರೆ, ಲೋಟ ಬಿದ್ರೆ, ಅಮ್ಮ ನೀರಿನ ಕಂಬ ಅನ್ನೋಳು."

ಆದಿನಾರಾಯಣ ಕುರ್ಚಿಯಿಂದ ಎದ್ದು ನಿಂತ. "ತೂಕಡಿಸಿದ್ದಲ್ಲ ತಲ್ಲೀ. ಅವರು ಎಂಜಿನ್ ಮೇಲೇ ಇರ್ಲಿಲ್ಲ. ಎಳೆದೋನು ನಾನು. ಸಾಹೇಬರ ಮುಂದೆ ಸುಳ್ಳು ಹೇಳ್ದೋನೂ ನಾನು." ಕಲ್ಯಾಣದುರ್ಗದಲ್ಲಿ ಹೇಳಿದ್ದನ್ನೆಲ್ಲ, ಅದೇ ಕ್ರಮದಲ್ಲಿ, ನಿಂತುಕೊಂಡೇ ಹೇಳಿದ. ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ.

ರೇವತಿ ಕೇಳಿ ಮುಗಿಸಿದಳು. ಮುಖದಲ್ಲಿ ನಗು ಉಳಿದಿರಲಿಲ್ಲ.

"ಅಪ್ಪ ಮನೇಲೂ ತೂಕಡಿಸಿದೆ ಅಂತಾನೇ ಹೇಳಿದ್ರು," ಅಂದಳು. "ಮದುವೆಗಳಲ್ಲಿ ನೆಂಟರು ಆಡ್ಕೊಂಡು ನಗೋರು. ನಾನೂ ನಕ್ಕಿದೀನಿ. ಅಮ್ಮ ಹೋಗಿ ಮೂರು ವರ್ಷ ಆಯ್ತು. ಅವಳು ಇದ್ದಾಗ ಬಂದು ಹೇಳಬೇಕಿತ್ತು ನೀವು."

"ಹೌದು," ಅಂದ ಆದಿನಾರಾಯಣ.

ಕೊಂಡಮ್ಮ ಸೆರಗಿನ ತುದಿ ಹಿಡಿದು ಕೂತಿದ್ದಳು. ಚಂದ್ರಕಲಾಗೆ ಡಬ್ಬಿ ಮುಚ್ಚಿ ಎದ್ದುಬಿಡಬೇಕು ಅನ್ನಿಸಿತು. ಬೇರೆಯವರ ಮನೆಯ ಒಳಮಾತಿಗೆ ತಾನೇ ಬಾಗಿಲು ತೆರೆದೆ ಎಂಬ ಅಳುಕು. ರೇವತಿ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ತುಂಬ ಹೊತ್ತು ನಲ್ಲಿ ಬಿಟ್ಟ ಸದ್ದು ಕೇಳಿತು. ಹೊರಗೆ ಬಂದಾಗ ಮುಖ ತೊಳೆದಿದ್ದಳು, ತಟ್ಟೆಯಲ್ಲಿ ಕಾಫಿ ಇತ್ತು. ಮೊದಲ ಲೋಟ ಕೊಂಡಮ್ಮನಿಗೆ ಕೊಟ್ಟಳು, ಎರಡನೆಯದು ಆದಿನಾರಾಯಣನಿಗೆ.

"ಕೂತ್ಕೊಳ್ಳಿ," ಅಂದಳು. "ಎಷ್ಟೊತ್ತು ನಿಲ್ತೀರಿ." ಅವನು ಕೂತ ಮೇಲೆ ಕೇಳಿದಳು, "ಅಪ್ಪ ಎಂಜಿನ್ ಮೇಲೆ ಹೆಂಗಿರ್ತಿದ್ರು? ಮನೇಲಿ ಮಾತೇ ಆಡ್ತಿರ್ಲಿಲ್ಲ."

ಆದಿನಾರಾಯಣ ಕಾಫಿ ಮುಗಿಸಿ ಹೇಳಲು ಶುರುಮಾಡಿದ. ವೆಂಕಟರಾಮಪ್ಪ ಎಂಜಿನ್ ಹತ್ತಿದರೆ ಬಾಯಿ ತುಂಬ ಹಾಡು ಹೇಳುತ್ತಿದ್ದರಂತೆ, ಶ್ರುತಿ ಇಲ್ಲದ ಹಾಡು. ಸಲಿಕೆಯನ್ನೇ ಒಲೆಗೆ ಹಿಡಿದು ಮೊಟ್ಟೆ ಬೇಯಿಸುತ್ತಿದ್ದರಂತೆ, ಮನೆಯಲ್ಲಿ ಮೊಟ್ಟೆ ಕೂಡದ ಕಾರಣ.

"ಅಪ್ಪ ಮೊಟ್ಟೆ ತಿಂತಿದ್ರಾ?" ಅಂದಳು ರೇವತಿ.

"ದಿನಾ ಎರಡು."

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಚಂದ್ರಕಲಾಗೆ ಸರಿಯಾಗಿ ಕಾಣಲಿಲ್ಲ. ಮಧ್ಯಾಹ್ನದ ಊಟಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ, ಸುಮ್ಮನೆ ಎಲೆ ಹಾಕಿದರು, ಎಲ್ಲರೂ ಕೂತರು. ತಪ್ಪನ್ನು ಮನ್ನಿಸಿದೆ ಎಂದು ರೇವತಿ ಹೇಳಲಿಲ್ಲ, ಆದಿನಾರಾಯಣನೂ ಕೇಳಲಿಲ್ಲ. ಹೊರಡುವಾಗ ಅವಳು ಅವನ ನಂಬರು ತೆಗೆದುಕೊಂಡಳು. ಅಕ್ಕನ ಮಕ್ಕಳಿಗೂ ಇದನ್ನು ಹೇಳಬೇಕು, ಮುಂದಿನ ತಿಂಗಳು ಅವರೆಲ್ಲ ಬಂದಾಗ ಫೋನ್ ಮಾಡ್ತೀನಿ, ನೀವೇ ಹೇಳಿ, ಅಂದಳು. ಅವನು ಸರೇ ಅಂದ.

ಚಂದ್ರಕಲಾ ಅವರಿಬ್ಬರನ್ನೂ ಪಾವಗಡದ ಬಸ್ಸು ಹತ್ತಿಸಿ ಮನೆಗೆ ಬಂದಳು. ಅಮರೇಶ್ ಹೇಗಾಯಿತು ಎಂದು ಕೇಳಿದ. ಅವಳು ಹೇಳಿದಳು. ಮಾರನೇ ದಿನ ಸೋಮವಾರ. ಗೋರಂಟ್ಲದಿಂದ ನಾಲ್ಕು ಅಚ್ಚು ಬಂದು ಕೂತಿದ್ದವು, ಒಂದು ತುರ್ತಿನದು.