ಪಡುವಲಿಗೆ ತಿರುಗಿದ ಸಾಲು

ಅರಸೀಕೆರೆಯ ತೆಂಗು ಬೆಳೆಗಾರರ ಸಂಘಕ್ಕೆ ಹರಾಜು ನಡೆಸುವ ಸರ್ವರ್ ಕಂಪ್ಯೂಟರುಗಳು ಬಂದ ದಿನ ಅಧ್ಯಕ್ಷೆ ಕಮಲಾಕ್ಷಮ್ಮನ ಸಂಭ್ರಮ ನೋಡಬೇಕಿತ್ತು! ಹಾಸನದ ಒಕ್ಕೂಟದವರ ಹತ್ತಿರ ಜಗಳವಾಡಿ ತಂದವರು ಅವರೇ. ಸಂಘದ ಕೋಣೆಯಲ್ಲಿ ಒಂದರ ಹಿಂದೆ ಒಂದು ಎರಡು ಸಾಲು ಇಡಿಸಿ, ಎದುರಿಗೆ ನಿಂತು ಎರಡನ್ನೂ ಮೂಡಲಿಗೆ ಮುಖ ಮಾಡಿಸಿ, ಕುಂಕುಮ ಇಟ್ಟು, ಕಾಯಿ ಒಡೆಸಿದ್ದರು. ಜಿಲ್ಲೆಯ ಅರ್ಧ ಕೊಬ್ಬರಿ ಹರಾಜು ಆ ಕೋಣೆಯಿಂದಲೇ ನಡೆಯಬೇಕು.

ಆದರೆ ಹಾಳಾದ್ದು, ಬೇಸಿಗೆ ಬಂದದ್ದೇ ತಡ, ಮಧ್ಯಾಹ್ನವಾದರೆ ಹಿಂದಿನ ಸಾಲು ಬಿಸಿಯೇರಿ ನಿಂತುಬಿಡುತ್ತಿತ್ತು, ಜೊತೆಗೆ ಹರಾಜೂ. ಎರಡು ಏಸಿ ಹಾಕಿದರೂ ಅಷ್ಟೇ. ಕರೆಂಟು ಹೋದರೆ ಜನರೇಟರು ಎಳೆಯುವುದು ಒಂದೇ ಏಸಿಯನ್ನು. ಇನ್ನೊಂದು ಹರಾಜು ನಿಂತರೆ ಮಿಷನ್ನುಗಳನ್ನು ವಾಪಸ್ ಒಯ್ಯುತ್ತೇವೆ ಎಂದು ಹಾಸನದಿಂದ ಫೋನು ಬಂತು. ಕಮಲಾಕ್ಷಮ್ಮನಿಗೆ ಅನ್ನ ಸೇರಲಿಲ್ಲ.

ಕೋಣೆ ನೋಡಿಕೊಳ್ಳುತ್ತಿದ್ದವಳು ಹಾರನಹಳ್ಳಿಯ ಭಾನುಪ್ರಿಯಾ, ಡಿಪ್ಲೊಮಾ ಓದಿದವಳು. ಅವಳು ಅಧ್ಯಕ್ಷರನ್ನು ಕರೆದು ಎರಡು ಸಾಲುಗಳ ನಡುವೆ ನಿಲ್ಲಿಸಿದಳು.

"ಏನು ಬಡೀತಾ ಐತೆ ಹೇಳಿ, ಅಮ್ಮಾ."

"ಬಿಸಿಗಾಳಿ ಕಣೇ! ಒಲೆ ಮುಂದೆ ನಿಂತಂಗೈತೆ."

"ಇವು ಮುಖದಿಂದ ಗಾಳಿ ಎಳ್ಕೊಂಡು ಬೆನ್ನಿಂದ ಬಿಡ್ತವೆ. ಮುಂದಿನವು ಬಿಟ್ಟ ಬಿಸೀನೇ ಹಿಂದಿನವು ಎಳ್ಕೊಂತಾವೆ. ಮುಂದಿನ ಸಾಲನ್ನ ಪಡುವಲಿಗೆ ತಿರುಗಿಸಿ ಎದುರುಬದುರು ಮಾಡಿದ್ರೆ ನಡುವೆ ತಂಪು ನಿಲ್ತದೆ. ಬಿಸಿ ಗೋಡೆ ಕಡೆ ಹೋಗ್ತದೆ, ಫ್ಯಾನಿಟ್ಟು ಹೊರಕ್ಕೆ ಹಾಕೋಣ. ಒಂದೇ ಏಸಿ ಸಾಕು."

ಸಂಘದ ಡೈರೆಕ್ಟರು ಲಕ್ಕಪ್ಪ ಬಾಗಿಲಲ್ಲೇ ಹೌಹಾರಿದ. "ಅಕ್ಕಾ, ಪೂಜೆ ಮಾಡಿದ್ದನ್ನ ಪಡುವಲಿಗೆ ತಿರುಗಿಸೋದಾ? ಜನ ಏನಂತಾರೆ?"

ಕಮಲಾಕ್ಷಮ್ಮ ಮಿಷನ್ನಿನ ಮೇಲಿನ ಕುಂಕುಮವನ್ನು ಬೆರಳಿಂದ ಮುಟ್ಟಿದರು. ಮೂಡಲಿಗೇ ಇರಲಿ ಎಂದು ಹಟ ಹಿಡಿದವರು ತಾವೇ ಅಲ್ಲವೇ? ಹುಡುಗಿಯ ಮುಖ ನೋಡಿದರು. ಅವಳು ಕಣ್ಣು ಕೆಳಗೆ ಹಾಕಲಿಲ್ಲ. ಭಲೇ ಹೆಣ್ಣೇ, ಅನ್ನಿಸಿತು.

"ಪೂಜೆ ಮಾಡ್ದೋಳು ನಾನು, ತಿರುಗ್ಸೋಳೂ ನಾನೇ. ಮಾತು ಸಾಕು, ಆ ಕಡೆ ಹಿಡ್ಕೊಳಪ್ಪ," ಎಂದು ಸೆರಗು ಸಿಕ್ಕಿಸಿದರು.

ಹರಾಜಿನ ದಿನ ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರು ಗುಡುಗಿತು, ಒಂದು ಏಸಿ ಶುರುವಾಯಿತು. ಕಮಲಾಕ್ಷಮ್ಮ ಸಾಲುಗಳ ನಡುವೆ ಕೈ ಒಡ್ಡಿ ನಿಂತರು. ತಂಪೋ ತಂಪು! ಹೊರಗೆ ವರ್ತಕರು ರೇಟು ಕೂಗುತ್ತಲೇ ಇದ್ದರು, ಭಾನುಪ್ರಿಯಾ ಅದನ್ನು ಕಂಪ್ಯೂಟರಿಗೆ ಒತ್ತುತ್ತಲೇ ಇದ್ದಳು. ಕೊನೆಯ ಮೂಟೆ ಮಾರಾಟವಾಗುವವರೆಗೂ ಒಂದು ಮಿಷನ್ನೂ ನಿಲ್ಲಲಿಲ್ಲ. ಕಮಲಾಕ್ಷಮ್ಮನಿಗೆ ಕಣ್ಣು ತುಂಬಿ ಬಂತು.

ಸಂಜೆ ಹಾಸನದವರದೇ ಫೋನು. ಈಗ ಅಲ್ಲಿನ ಮಿಷನ್ನುಗಳೇ ಬಿಸಿಯೇರಿ ನಿಂತಿದ್ದವಂತೆ. ನಿಮ್ಮಲ್ಲಿ ಏನು ಮಾಡಿದಿರಿ ಎಂದು ಮೆತ್ತಗೆ ಕೇಳಿದರು.

"ಹುಡುಗೀನ ಒಂದು ದಿನಕ್ಕೆ ಕಳಿಸ್ತೀನಿ, ಕೇಳಿ ಕಲ್ತ್ಕೊಳ್ರಿ," ಎಂದರು ಕಮಲಾಕ್ಷಮ್ಮ. "ಬಸ್ಸಲ್ಲಿ ಕಳ್ಸಲ್ಲ ಮತ್ತೆ. ಕಾರ್ ತಂದು ಕರ್ಕೊಂಡ್ಹೋಗಿ."