ಮೂಗಿಗೆ ಮೋಟಾರು, ನೆತ್ತಿಗೆ ಗಾಳಿ

ಅವಳ ಹತ್ತಿರ ಮಾದರಿ ವಿಮಾನದ ಕ್ಲಬ್ಬಿನ ಕಾರ್ಡು ಇರಲಿಲ್ಲ. ಅಣ್ಣನ ಕೊರಳಲ್ಲಿದೆ ಅದು, ನೀಲಿ ದಾರ, ಪ್ಲಾಸ್ಟಿಕ್ ಕವರಿನೊಳಗೆ ಹತ್ತು ವರ್ಷದ ಹಿಂದಿನ ಮೀಸೆಯ ಫೋಟೊ, ಅವನು ಬಗ್ಗಿದಾಗಲೆಲ್ಲ ಮೇಜಿಗೆ ಬಡಿಯುತ್ತದೆ, ಟಕ್, ಈಗ ಮತ್ತೆ ಟಕ್, ಈ ಸಲ ಯಂತ್ರದ ಅಲಗಿನ ಮೇಲೆಯೇ, ಅವಳು ಉಜ್ಜಿ ಉಜ್ಜಿ ಗಾಜಿನ ಹಾಗೆ ಮಾಡಿದ ಅಲಗಿನ ಮೇಲೆ — ನೋಡಿಕೊಂಡು ಬಗ್ಗಬಾರದೇ, ಕೂದಲು ಹಣ್ಣಾಯಿತು, ಇನ್ನೂ ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡು ಓಡಾಡುವ ಚಟ. ಅವಳು ಕೈಕಟ್ಟಿ ನಿಂತಿದ್ದಾಳೆ. ಕತ್ತರಿಸಿದ ಹುಲ್ಲಿನ ಹಸಿ ವಾಸನೆ, ಅದರ ಮೇಲೆ ಸುಟ್ಟ ಎಣ್ಣೆಯ ವಾಸನೆ, ಹಿಂದೆ ಅತ್ತಿಗೆಯ ಮಡಿಸುವ ಕುರ್ಚಿ ಕಿರ್ ಅನ್ನುತ್ತದೆ, ಏನೇ, ಹೆಲಿಕಾಪ್ಟರ್ ರೆಡಿ ಆಯ್ತಾ? ಹೆಲಿಕಾಪ್ಟರ್ ಅಲ್ಲ ಅತ್ತಿಗೆ, ಆಟೋಜೈರೊ. ಎಲ್ಲಾ ಒಂದೇ ಬಿಡು, ಮೇಲೆ ತಿರುಗುತ್ತೆ ತಾನೆ. ಒಂದೇ ಅಂತೆ. ಹಾಗಾದರೆ ನಿನ್ನ ಮನೆಯ ಮಿಕ್ಸಿಯೂ ಹೆಲಿಕಾಪ್ಟರೇ, ಅನ್ನಬೇಕು, ಅನ್ನಲಿಲ್ಲ. ಹೆಲಿಕಾಪ್ಟರಿನ ಅಲಗನ್ನು ಮೋಟಾರು ತಿರುಗಿಸುತ್ತದೆ. ಇದರ ನೆತ್ತಿಯ ಮೂರು ಅಲಗಿಗೆ ಮೋಟಾರೇ ಇಲ್ಲ, ಮೂಗಿನ ಮೋಟಾರು ಬರೀ ಮುಂದಕ್ಕೆ ಎಳೆಯುತ್ತದೆ, ಅಲಗು ತಿರುಗುವುದು ಕೆಳಗಿನಿಂದ ನುಗ್ಗುವ ಗಾಳಿಗೆ, ಗಾಳಿ ತಪ್ಪಿದರೆ ಅಲಗು ಸೋಲುತ್ತದೆ, ಅಲಗು ಸೋತರೆ ಇದು ಒಂದೂವರೆ ಕಿಲೋ ಕಲ್ಲು, ಅಷ್ಟೇ, ಇಷ್ಟನ್ನು ಮನೆಯವರಿಗೆಲ್ಲ ಎಷ್ಟು ಸಲ ಹೇಳಿದ್ದಾಳೋ, ಗೋಡೆಗೆ ಹೇಳಿದ್ದರೆ ಗೋಡೆಯೇ ಹಾರಿಸುತ್ತಿತ್ತು. ಕಾರ್ಡಿಲ್ಲದವರು ಈ ಮೈದಾನದಲ್ಲಿ ರಿಮೋಟು ಮುಟ್ಟುವ ಹಾಗಿಲ್ಲ, ಗೇಟಿನ ಹಲಗೆಯಲ್ಲಿ ಮೂರನೇ ನಿಯಮ, ಕಾರ್ಡು ಬೇಕಾದರೆ ಪರೀಕ್ಷೆ, ಪರೀಕ್ಷೆ ವಿಮಾನದ ಮೇಲೆ ಮಾತ್ರ, ಪರೀಕ್ಷೆ ಮಾಡುವವನು ಅಣ್ಣ. ಎರಡು ಸಲ ಫೇಲು. ಎರಡನೇ ಸಲ ಇಳಿಸುವಾಗ ಕ್ಲಬ್ಬಿನ ಆ ಹಳೇ ವಿಮಾನ ಮೂಗೆತ್ತಿ ನಿಂತುಬಿಟ್ಟಿತು, ಗಾಳಿಯಲ್ಲಿ ಏದುಸಿರು ಬಿಡುತ್ತಾ, ವಿಮಾನವಾದ್ದರಿಂದ ರಿಮೋಟಿನ ಸ್ಟಿಕ್ಕು ಮುಂದಕ್ಕೆ ತಳ್ಳಬೇಕು, ಮೂಗು ಬಗ್ಗಿದರೆ ವೇಗ ಬರುತ್ತದೆ, ವೇಗ ಬಂದರೆ ರೆಕ್ಕೆಗೆ ಜೀವ, ಗೊತ್ತು ಅವಳಿಗೆ, ತಲೆಗೆ ಗೊತ್ತು, ಹೆಬ್ಬೆರಳಿಗೆ ಗೊತ್ತಿಲ್ಲ, ಹೆಬ್ಬೆರಳು ಆಟೋಜೈರೊದ ಹೆಬ್ಬೆರಳು, ಎಳೆಯಿತು. ಅದರಲ್ಲಿ ಉಲ್ಟಾ, ತಳ್ಳಿದರೆ ಅಲಗಿನ ಕೆಳಗಿನ ಗಾಳಿ ತಪ್ಪುತ್ತದೆ, ಭಯವಾದಾಗ ಎಳೆಯಬೇಕು, ಎಳೆದುಕೊಂಡು ಕಾಯಬೇಕು, ಅದು ತಾನಾಗಿ ಇಳಿಯುತ್ತದೆ, ಎಲೆ ಉದುರಿದ ಹಾಗೆ. ಅಣ್ಣ ಎಲ್ಲರೆದುರಿಗೆ ತೊಡೆ ತಟ್ಟಿ ನಕ್ಕ, ತಳ್ಳೇ ಸೋಡಾಬುಡ್ಡಿ, ತಳ್ಳು, ಬಾವಿಯಿಂದ ನೀರು ಸೇದ್ತಿದೀಯಾ? ಸೋಡಾಬುಡ್ಡಿ. ಒಂಬತ್ತನೇ ವಯಸ್ಸಿನಲ್ಲಿ ದಪ್ಪ ಕನ್ನಡಕ ಬಂದಾಗ ಇಟ್ಟ ಹೆಸರು, ಈಗ ಅವಳು ಊರಿನ ಅರ್ಧ ಜನರ ಕನ್ನಡಕಕ್ಕೆ ಗಾಜು ಕಡೆದು ಕೂರಿಸುತ್ತಾಳೆ, ಅವನ ಮೂಗಿನ ಮೇಲೆ ಇರುವುದೂ ಅವಳು ಕಡೆದದ್ದೇ, ಆದರೂ ಸೋಡಾಬುಡ್ಡಿ. ಫಾರಂನಲ್ಲಿ ಅವನು ಬರೆದದ್ದು ಓದಿದಳು, ಕಟ್ಟಲು ಸೈ, ಹಾರಿಸಲು ಅಲ್ಲ. ಕೆಳಗೆ ರುಜು, ರುಜುವಿನ ಕೆಳಗೆ ಎರಡು ಗೆರೆ, ಯಾಕೆ ಎರಡು, ಒಂದು ಸಾಲದೇ.

ಹದಿನಾಲ್ಕು ತಿಂಗಳು. ಅಂಗಡಿಯ ಹಿಂದಿನ ಕೋಣೆ, ಗಾಜು ಕಡೆಯುವ ಚಕ್ರದ ಪಕ್ಕದಲ್ಲಿ ಎರಡು ಅಡಿ ಜಾಗ, ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದಾಗ ಒಂದು ಗಂಟೆ, ಇವೇ ಅವಳ ಕಾರ್ಖಾನೆ. ಮೂರು ಅಲಗೂ ಒಂದೇ ಹಲಗೆಯಿಂದ ಸೀಳಿದ್ದು, ಬೇರೆ ಬೇರೆ ಹಲಗೆಯಾದರೆ ತೂಕ ಒಂದೇ ಆದರೂ ಸ್ವಭಾವ ಒಂದಾಗುವುದಿಲ್ಲ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವು ಬೇಕು — ಅದೂ ಸುಳ್ಳು, ನೋಡು ಇಲ್ಲಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ಎದುರಿಗೇ ನಿಂತಿದೆ, ಟಕ್. ಪ್ರತಿ ಅಲಗಿನ ಹಿಂದಿನ ಅಂಚಿನಡಿ ಒಂದು ಚೂರು ಪ್ಲಾಸ್ಟಿಕ್ಕು, ಅಲಗು ಎರಡು ಡಿಗ್ರಿ ಮುಂದಕ್ಕೆ ಬಾಗಲಿ ಅಂತ, ಹೊಸ ಫ್ರೇಮುಗಳಲ್ಲಿ ಬರುತ್ತದಲ್ಲ ನಂಬರಿಲ್ಲದ ತೋರಿಕೆಯ ಪ್ಲಾಸ್ಟಿಕ್ ಗಾಜು, ಎಲ್ಲರೂ ಕಸಕ್ಕೆ ಎಸೆಯುವುದು, ಅದನ್ನು ಕತ್ತರಿಸಿ ಇಟ್ಟದ್ದು, ಆ ಎರಡು ಡಿಗ್ರಿ ಇಲ್ಲದೆ ಮೊದಲ ಮೂರು ಯಂತ್ರ ಬಿದ್ದವು, ಅಲಗಿಗೆ ಪೂರ್ತಿ ವೇಗ ಬರುವ ಮೊದಲೇ ಅವಸರ ಮಾಡಿ ಎತ್ತಿದ್ದಕ್ಕೆ ನಾಲ್ಕನೆಯದು ಪಕ್ಕಕ್ಕೆ ಮಗುಚಿಕೊಂಡಿತು. ಇದು ಐದನೆಯದು. ಹಾರುತ್ತದೆ. ಹಳೇ ಗೋದಾಮಿನ ಹಿಂದಿನ ಸಿಮೆಂಟು ಅಂಗಳದಲ್ಲಿ ಇಪ್ಪತ್ತೆರಡು ಸಲ ಹಾರಿಸಿದ್ದಾಳೆ, ನೋಡಿದ್ದು ಕಾವಲುಗಾರ ಒಬ್ಬನೇ, ಗಾಳಿ ಜೋರಾದ ದಿನ ಎದುರುಗಾಳಿಗೆ ಅದು ಆಕಾಶದಲ್ಲಿ ನಿಂತೇಬಿಡುತ್ತಿತ್ತು, ಒಂದೇ ಕಡೆ, ಮೊಳೆ ಹೊಡೆದ ಹಾಗೆ, ಕಾವಲುಗಾರ ಬೀಡಿ ಕೈಯಲ್ಲೇ ಮರೆತು, ಏನಮ್ಮಾ ಇದು, ಯಾರಾದ್ರೂ ಹಿಡ್ಕೊಂಡಿದಾರಾ ಮೇಲೆ? ಆ ಅಂಗಳವೂ ಮುಂದಿನ ತಿಂಗಳಿಂದ ಇಲ್ಲ, ಲಾರಿಗಳು ಬರುತ್ತವೆ, ಬೇಲಿ ಬಂದಾಗಿದೆ. ಉಳಿದದ್ದು ಈ ಮೈದಾನ ಒಂದೇ. ಔಷಧಿ ಅಂಗಡಿಯವರೇ ಕ್ಲಬ್ಬಿನ ಕಾರ್ಯದರ್ಶಿ, ಒಳ್ಳೆಯವರು, ಹೆದರುಪುಕ್ಕಲು ಒಳ್ಳೆಯವರು, ನೋಡಮ್ಮಾ, ವಾರ್ಷಿಕೋತ್ಸವದ ದಿನ ಸಮಿತಿಯವರ ಮುಂದೆ ಹತ್ತು ನಿಮಿಷ ಸರಿಯಾಗಿ ಹಾರಿದ್ರೆ ಆಟೋಜೈರೊಗೆ ಬೇರೆ ಕಾರ್ಡು ಮಾಡೋಣ, ಬೇರೆ ಪರೀಕ್ಷೆ ಇಡೋಣ, ಆದ್ರೆ ಅವತ್ತು ಹಾರಿಸೋದು ಮಾತ್ರ ಕಾರ್ಡಿದ್ದವರೇ, ನಿಮ್ಮಣ್ಣ ಇದಾರಲ್ಲ. ಇದಾರೆ. ಇರದೆ ಎಲ್ಲಿ ಹೋಗುತ್ತಾರೆ. ಬೇರೆ ಪರೀಕ್ಷೆ ಅಂದರೆ ಅವಳನ್ನು ಫೇಲು ಮಾಡುವಷ್ಟು ಗೊತ್ತಿರುವವರು ಇಲ್ಲಿ ಒಬ್ಬರೂ ಇಲ್ಲ, ಅದಕ್ಕೇ ಹೂಂ ಅಂದಳು, ಅಣ್ಣನಿಗೆ ಮೂರು ಬೆಳಗು ಕಲಿಸಿದಳು, ಮೂರೂ ಗಾಳಿಯಿಲ್ಲದ ಬೆಳಗು, ಪಕ್ಕದಲ್ಲೇ ನಿಂತು, ಎಳೆ ಅಣ್ಣ, ಎಳ್ಕೊಂಡೇ ಇರು, ಹೇಳಿದಂತೆ ಮಾಡಿದ, ಚೆನ್ನಾಗಿಯೇ ಹಾರಿಸಿದ, ಕೈಯೇನೋ ಒಳ್ಳೆಯದು, ಅದನ್ನು ಇಲ್ಲ ಅನ್ನಲಾಗುವುದಿಲ್ಲ, ಮೂರನೇ ದಿನ ಸೈಕಲ್ಲು ಹತ್ತುವಾಗ ಅಂದ, ಇದ್ರಲ್ಲೇನಿದೆಯೇ, ಫ್ಯಾನು ಕಟ್ಟಿದ ವಿಮಾನ ಅಷ್ಟೇ. ಇವತ್ತು ಗಾಳಿಯಿದೆ. ಕಂಬದ ಮೇಲಿನ ಗಾಳಿಚೀಲ ಮಲಗಿತ್ತು, ಎದ್ದಿತು, ಈಗ ಅಡ್ಡ ನಿಂತಿದೆ, ನೆಟ್ಟಗೆ, ಕೈ ಚಾಚಿದ ಹಾಗೆ. ಅಣ್ಣ ಅದರ ಕಡೆ ನೋಡಲಿಲ್ಲ, ಸಮಿತಿಯವರ ಕಡೆ ನೋಡಿ ಕೈಯೆತ್ತಿದ. ಮೈಕಿನಲ್ಲಿ ಔಷಧಿ ಅಂಗಡಿಯವರು, ಮುಂದಿನದು, ನಮ್ಮ ಮೈದಾನದಲ್ಲಿ ಮೊಟ್ಟಮೊದಲ ಆಟೋಜೈರೊ, ಕಟ್ಟಿದವರೂ ಹಾರಿಸುವವರೂ ನಮ್ಮ ಹಿರಿಯ ಸದಸ್ಯರು — ಕಟ್ಟಿದವರೂ. ಚಪ್ಪಾಳೆ. ಅತ್ತಿಗೆಯ ಬಳೆ ಎಲ್ಲರಿಗಿಂತ ಜೋರು. ಅಣ್ಣಾ, ಅವರೇನೋ ತಪ್ಪು ಓದಿದ್ರು. ತಪ್ಪಲ್ಲ, ನಾನೇ ಹಾಗೆ ಬರ್ಸಿದ್ದು, ಸುಮ್ನಿರು, ಕಾರ್ಡಿಲ್ಲದವಳು ಕಟ್ಟಿದ್ದು ಅಂದ್ರೆ ಸಮಿತಿಯವ್ರು ನೂರೆಂಟು ಪ್ರಶ್ನೆ ಕೇಳ್ತಾರೆ, ನಿನ್ ಒಳ್ಳೇದಕ್ಕೇ ಕಣೇ. ನಿನ್ ಒಳ್ಳೇದಕ್ಕೇ. ಅಮ್ಮನ ಮಾತು ಅದು, ಅಮ್ಮನ ಬಾಯಿಂದ ಇವನ ಬಾಯಿಗೆ ನೆಟ್ಟಗೆ ಬಂದದ್ದು, ಅವನು ಗಂಡ್ಸು, ನಾಲ್ಕು ಜನರೆದುರು ಅವನ ಮಾತಿಗೆ ಎದುರಾಡ್ಬೇಡ, ನಿನ್ ಒಳ್ಳೇದಕ್ಕೇ ಹೇಳ್ತಿರೋದು, ಇವರೆಲ್ಲ ಮಾಡಿದ ಒಳ್ಳೆಯದನ್ನು ಒಂದು ಚೀಲಕ್ಕೆ ತುಂಬಿದರೆ ಹೊರಲು ಆಳು ಬೇಕು.

ಅವನು ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ, ಕಾರ್ಡಿನ ನೀಲಿ ದಾರದ ಮೇಲೆ, ಎರಡೂ ಸಿಕ್ಕಿಕೊಂಡವು, ಬಿಡಿಸಿಕೊಳ್ಳುತ್ತಾ ಅಂದ, ಏನಾದ್ರೂ ಹೇಳೋದಿದ್ಯಾ? ಕೇಳಿದ. ಅವನೇ ಕೇಳಿದ, ತಮಾಷೆಯಿಲ್ಲ, ಸೋಡಾಬುಡ್ಡಿಯೂ ಇಲ್ಲ, ಕಣ್ಣಲ್ಲಿ ಒಂದಿಷ್ಟು ಅಳುಕು ಕೂಡ, ಅವಳು ಕಡೆದ ಗಾಜಿನ ಹಿಂದೆ. ಇವತ್ತು ಗಾಳಿಯಿದೆ, ಯಂತ್ರ ನಿಂತ ಹಾಗೆ ಕಾಣುತ್ತೆ, ನಿಂತ್ರೆ ಹೆದರಬೇಡ, ಏನಾದ್ರೂ ಆಗ್ಲಿ ತಳ್ಳಬೇಡ. ಇಷ್ಟು. ನಾಲಿಗೆಯ ತುದಿಯಲ್ಲಿತ್ತು, ಬಾಯಿ ತೆರೆದರೆ ಉದುರುತ್ತಿತ್ತು. ಕಟ್ಟಿದವರೂ ಹಾರಿಸುವವರೂ. ಕಟ್ಟಿದವನಿಗೆ ಗೊತ್ತಿರಬೇಕಲ್ಲ. ಏನಿಲ್ಲ, ಅಂದಳು. ಏನಿಲ್ವಾ? ಏನಿಲ್ಲ. ಅವನು ಹೋದ, ಅವಳು ಹಗ್ಗದ ಈಚೆ, ಕಾರ್ಡಿದ್ದವರು ಹಗ್ಗದ ಆಚೆ, ಇಪ್ಪತ್ತು ಹೆಜ್ಜೆ, ಕೂಗಿದರೆ ಕೇಳಿಸುವ ದೂರ. ಯಂತ್ರವನ್ನು ಗಾಳಿಗೆ ಮುಖ ಮಾಡಿ ಇಟ್ಟ, ಬೆರಳಿನಿಂದ ಅಲಗಿಗೆ ಒಂದು ತಳ್ಳು ಕೊಟ್ಟ, ಮೂರೂ ಸೋಮಾರಿಗಳ ಹಾಗೆ ಹೊರಟವು, ಗಾಳಿ ಸಿಕ್ಕಿತು, ಚುರುಕಾದವು, ನೆತ್ತಿಯ ಮೇಲೆ ಒಂದು ತೆಳು ಬೂದು ತಟ್ಟೆ, ಅವನು ಕಾದ, ಪರವಾಗಿಲ್ಲ, ಕಾಯುವುದನ್ನಾದರೂ ಕಲಿತಿದ್ದಾನೆ, ಮೂಗಿನ ಮೋಟಾರು ಗುರ್ ಅಂದಿತು, ಓಡಿತು, ಹತ್ತು ಅಡಿ ಕೂಡ ಇಲ್ಲ, ಎದ್ದಿತು. ಎದ್ದಾಗ ಅವಳ ಹಿಮ್ಮಡಿಯೂ ನೆಲದಿಂದ ಎದ್ದಿತು, ಹಾಳಾದ್ದು, ಪ್ರತಿ ಸಲವೂ ಏಳುತ್ತದೆ, ಇವತ್ತು ಏಳಬಾರದಿತ್ತು. ಒಂದು ಸುತ್ತು, ಇನ್ನೊಂದು, ಎಂಟರ ಆಕಾರ, ಚಪ್ಪಾಳೆ, ಸಮಿತಿಯ ದಪ್ಪ ಮನುಷ್ಯ ಕುರ್ಚಿಯಿಂದ ಮುಂದೆ ಬಾಗಿದ, ಪರ್ವಾಗಿಲ್ರೀ ಇದು, ಪಕ್ಕದವನು ಹೂಂಗುಟ್ಟಿದ, ನಾಲ್ಕು ನಿಮಿಷ, ಐದು, ಆಗಬಹುದು, ಹೀಗೇ ಆಗಿಬಿಡಬಹುದು, ಕಾರ್ಡು ಬರುತ್ತದೆ, ಈ ಹಗ್ಗದ ಆಚೆ ಅವಳೂ — ಬೇಡ, ಅವನ ಚಪ್ಪಾಳೆಯಿಂದ ಬರುವ ಕಾರ್ಡು — ಬೇಕು, ಬರಲಿ, ಯಾರ ಚಪ್ಪಾಳೆಯಾದರೇನು — ಅಷ್ಟರಲ್ಲಿ ಗಾಳಿ ತಿವಿಯಿತು, ಕೆಳಗಿನಿಂದ, ಮೂಗು ಎದ್ದಿತು, ಯಂತ್ರ ನಿಂತಿತು. ನಿಲ್ಲುತ್ತದೆ. ಅದು ನಿಲ್ಲುವುದೇ ಚಂದ. ನೂರು ಅಡಿ ಎತ್ತರದಲ್ಲಿ ಮೊಳೆ ಹೊಡೆದ ಹಾಗೆ, ಜನ ಓ ಅಂದರು, ಅಣ್ಣನ ಬೆನ್ನು ಬಿಗಿಯಿತು, ಅವಳಿಗೆ ಆ ಬೆನ್ನು ಗೊತ್ತು, ಇಪ್ಪತ್ತು ವರ್ಷ ವಿಮಾನ ಹಾರಿಸಿದ ಬೆನ್ನು, ನಿಂತದ್ದು ಬೀಳುತ್ತದೆ ಅಂತಲೇ ತಿಳಿದ ಬೆನ್ನು, ಈಗ ಹೆಬ್ಬೆರಳು — ಕೂಗು, ಎಳೆ ಅಣ್ಣ ಅನ್ನು, ಇಪ್ಪತ್ತು ಹೆಜ್ಜೆ, ಕಟ್ಟಲು ಸೈ ಹಾರಿಸಲು ಅಲ್ಲ, ಎರಡು ಗೆರೆ, ತುಟಿ ಒಂದಕ್ಕೊಂದು ಅಂಟು ಹಾಕಿದ ಹಾಗೆ — ತಳ್ಳಿದ. ಜೊತೆಗೆ ಮೋಟಾರಿನ ವೇಗವನ್ನೂ ಪೂರ್ತಿ ಏರಿಸಿದ, ವಿಮಾನವಾಗಿದ್ದರೆ ಬದುಕುತ್ತಿತ್ತು. ಮೂಗು ಮಗುಚಿತು, ಅಲಗಿನ ಕೆಳಗಿನ ಗಾಳಿ ತಪ್ಪಿತು, ಬೂದು ತಟ್ಟೆ ಕದಡಿತು, ಮಿಣುಕಿತು, ಆಮೇಲೆ ಅಲ್ಲಿ ತಟ್ಟೆ ಇರಲಿಲ್ಲ, ಅಲಗುಗಳಿದ್ದವು, ಬೇರೆ ಬೇರೆಯಾಗಿ, ನೀಲಿಯ ಮೇಲೆ ಗೀಚಿದ ಹಾಗೆ, ಒಂದು, ಎರಡು, ಮೂರು, ನೆಲದ ಮೇಲೆ ನಿಂತು ಎಣಿಸಬಹುದಿತ್ತು.

ಶಬ್ದ ದೊಡ್ಡದೇನಲ್ಲ, ಒಣ ಕೊಂಬೆ ಮುರಿದಷ್ಟು. ಯಾರಿಗೂ ಏನೂ ಆಗಲಿಲ್ಲ, ಬಿದ್ದದ್ದು ಖಾಲಿ ಹುಲ್ಲಿನ ಮೇಲೆ. ಜನ ಉಸಿರು ಬಿಟ್ಟರು, ಯಾರೋ ನಕ್ಕರು, ಅತ್ತಿಗೆ ಎದ್ದು ನಿಂತು, ಅಯ್ಯೋ, ಏನಾಯ್ತ್ರೀ! ಅಣ್ಣ ತಿರುಗಲಿಲ್ಲ ಮೊದಲು, ತಿರುಗಿದಾಗ ಮುಖ ಸುಣ್ಣ, ಆದರೆ ನಾಲಿಗೆ ಮುಖಕ್ಕಿಂತ ಬೇಗ ಚೇತರಿಸಿಕೊಂಡಿತು, ಔಷಧಿ ಅಂಗಡಿಯವರ ಕೈಯಿಂದ ಮೈಕು ತೆಗೆದುಕೊಂಡ, ಒಂದು ವಿಷಯ ಸ್ಪಷ್ಟ ಮಾಡ್ಬೇಕು, ನಾನು ಹಾರಿಸಿದೆ ಅಷ್ಟೇ, ಇದನ್ನ ಕಟ್ಟಿದ್ದು ನನ್ ತಂಗಿ. ಮೈದಾನದ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ, ನನ್ ತಂಗಿ, ತಂಗಿ. ಎಲ್ಲರೂ ತಿರುಗಿದರು. ಇವಳಾ? ಕನ್ನಡಕದಂಗ್ಡಿಯವಳಲ್ವಾ? ಹದಿನಾಲ್ಕು ತಿಂಗಳು ಬೇಕೆಂದದ್ದು ಈಗ ತಟ್ಟೆಯಲ್ಲಿಟ್ಟು ಕೊಟ್ಟರು, ನಗು ಬಂತು ಅವಳಿಗೆ, ಹೊರಗೆ ಬಿಡಲಿಲ್ಲ, ಹಗ್ಗ ದಾಟಿ ಹೋಗಿ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ಚೂರು ಆಯುತ್ತಿದ್ದಾಳೆ, ಅಲಗಿನದು ಉದ್ದ ಸಿಬಿರು, ಬೆರಳಿಗೆ ಚುಚ್ಚಿತು, ನೆರಳು ಬಿತ್ತು ಮೇಲೆ, ಅಣ್ಣ, ಈಗ ಮೈಕಿಲ್ಲ, ಗಂಟಲು ಸಣ್ಣದು, ನಾನು ತಳ್ಳಿದ್ದಕ್ಕಾ? ಅವಳು ಇನ್ನೊಂದು ಚೂರು ಆಯ್ದಳು. ಹೇಳೇ, ತಳ್ಳಿದ್ದಕ್ಕಾ ಆಗಿದ್ದು? ನಿಂಗೆ ಮೊದ್ಲೇ ಗೊತ್ತಿತ್ತಾ? ನಾನು ಕೇಳ್ದೆನಲ್ಲ ನಿನ್ನ. ನೀನು ಕೇಳಿದ್ದೆ, ಅಂದಳು, ನಾನು ಏನಿಲ್ಲ ಅಂದೆ. ಅವನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಹಾಕಿಕೊಳ್ಳಲಿಲ್ಲ, ಕೈಯಲ್ಲಿ ಹಿಡಿದುಕೊಂಡೇ ಹೊರಟು ಹೋದ, ಕುರುಡನ ಹಾಗೆ ಹಗ್ಗಕ್ಕೆ ಎಡವಿದ. ಮೇಜಿನ ಹತ್ತಿರ ಔಷಧಿ ಅಂಗಡಿಯವರು ಕರೆದರು, ಬಾಮ್ಮಾ, ರಿಜಿಸ್ಟರಿನಲ್ಲಿ ಬರೀಲೇಬೇಕು, ಬೇಜಾರು ಮಾಡ್ಕೋಬೇಡ, ಸಮಿತಿಯವರು ಈಗಷ್ಟೇ ಕೂತು ಮಾತಾಡಿದ್ರು, ಇನ್ಮೇಲೆ ಈ ತರದ್ದು ಯಾವುದೂ ಇಲ್ಲಿ ಬೇಡ ಅಂತ, ಆಟೋಜೈರೊ ಯಾರು ತಂದ್ರೂ ಸರಿ, ಗೇಟಿಂದಲೇ ವಾಪಸ್ಸು, ಇಲ್ಲಿ ರುಜು ಹಾಕು. ಬಿದ್ದ ಯಂತ್ರ, ಆಟೋಜೈರೊ. ಕಾರಣ, ನಿರ್ಮಾಣದ ದೋಷ. ಕಟ್ಟಿದವರು, ಅಲ್ಲಿ ಅವಳ ಹೆಸರು, ಗುಂಡಗಿನ ಅಕ್ಷರ, ಕಾಗುಣಿತ ಕೂಡ ಸರಿಯಾಗಿ. ದೋಷ ಅಲ್ಲ ಸಾರ್, ಅವನು ತಳ್ಳಿದ, ಅನ್ನಬಹುದು, ಆಗ ಕೇಳುತ್ತಾರೆ, ತಳ್ಳಬಾರದು ಅಂತ ನೀನು ಹೇಳಿರ್ಲಿಲ್ವಾ? ಪೆನ್ನು ಹಿಡಿದಳು. ಸಿಬಿರು ಚುಚ್ಚಿದ ಬೆರಳು, ಕಾಗದದ ಮೇಲೆ ಸಣ್ಣ ಕೆಂಪು ಚುಕ್ಕೆ, ರುಜು, ಒಂದು ಗೆರೆ ಸಾಕು. ಚೂರು ತುಂಬಿದ ಗೋಣಿಚೀಲದ ಬಾಯಿ ಕಟ್ಟಿದಳು, ಹೆಗಲಿಗೆ ಹಾಕಿದಳು, ಏನೂ ತೂಕವಿಲ್ಲ, ಮುಂದಿನ ವಿಮಾನ ಆಗಲೇ ಓಡುತ್ತಿದೆ, ಮೈಕು ಆಗಲೇ ಬೇರೆ ಹೆಸರು ಕೂಗುತ್ತಿದೆ, ಗೇಟು, ಹಲಗೆ, ಬಸ್ ನಿಲ್ದಾಣದ ಬೆಂಚು ಕಾದಿದೆ, ಕೂತಳು, ನಾಳೆ ಆರು ಜೊತೆ ಗಾಜು ಕೊಡಬೇಕು, ಎರಡು ದೂರದೃಷ್ಟಿಯವು, ಅಮ್ಮ ಕೇಳುತ್ತಾಳೆ, ಅಣ್ಣ ಇವತ್ತು ಮನೆಗೆ ಬರುತ್ತಾನೋ ಇಲ್ಲವೋ, ಬರದಿದ್ದರೆ — ಬೂದು ತಟ್ಟೆ ಕದಡುತ್ತದೆ. ಇಲ್ಲ, ಬಸ್ಸಿನ ನಂಬರು ನೋಡಬೇಕು, ಏಳೋ ಹದಿನೇಳೋ, ಬಾಯಿ ತೆರೆಯಲು ಸಮಯವಿತ್ತು, ಬೇಕಾದಷ್ಟಿತ್ತು, ಮೂಗು ಎದ್ದಾಗಿನಿಂದ ಅವನ ಹೆಬ್ಬೆರಳು ಕದಲುವವರೆಗೆ ಒಂದು ಪೂರ್ತಿ ಉಸಿರು — ತಟ್ಟೆ ಕದಡುತ್ತದೆ, ಮಿಣುಕುತ್ತದೆ, ಬಸ್ಸು ಬಂತು, ನಿಂತಿತು, ಹೋಯಿತು, ನೀಲಿಯ ಮೇಲೆ ಅಲಗುಗಳು ಬೇರೆ ಬೇರೆಯಾಗಿ, ಬಿಡಿಬಿಡಿಯಾಗಿ, ಒಂದು, ಎರಡು —

ಮೂರು ಅಲಗು, ಅವನ್ನು ಹೊತ್ತ ಒಂದು ಕಂಬ, ಕಂಬದ ತುದಿಯನ್ನು ವಾಲಿಸುವ ಎರಡು ಸರ್ವೋ, ಹದಿನಾಲ್ಕು ತಿಂಗಳು, ಒಂದು ಮೈದಾನ, ಹೋದದ್ದು ಇಷ್ಟು.